ಸಂಜೆ ಲ್ಯಾಬಿನ ಹನ್ನೊಂದು ದಿನ

ಕಳೆದ ತಿಂಗಳು ಗ್ರೈಂಡರಿನ ಸವೆದ ಶಾಫ್ಟೊಂದನ್ನು ಕೈಚೀಲದಲ್ಲಿ ಹಾಕಿಕೊಂಡು ಪೀಣ್ಯಕ್ಕೆ ಹೋಗಿದ್ದೆ. ಅಂಥದ್ದನ್ನು ಹೊಸದಾಗಿ ಕಡೆದುಕೊಡುವವರು ಈಗಲೂ ಸಿಗುವುದು ಅಲ್ಲೇ. ಮೆಟ್ರೊ ಇಳಿದು ಒಳರಸ್ತೆಯಲ್ಲಿ ನಡೆಯುತ್ತಿದ್ದಾಗ ಒಂದು ಶೆಡ್ಡಿನ ಅರ್ಧ ಎತ್ತಿದ ಷಟರಿನ ಕೆಳಗಿಂದ ಕೂಲೆಂಟಿನ ವಾಸನೆ ಬಂತು. ಲೇತಿನಲ್ಲಿ ಕಬ್ಬಿಣ ಕಡೆಯುವಾಗ ಕಾಯದಿರಲಿ ಎಂದು ಮೇಲೆ ಹರಿಸುವ, ಎಣ್ಣೆ ಬೆರೆಸಿದ ಹಾಲಿನ ಬಣ್ಣದ ನೀರು ಅದು. ನಾಲ್ಕು ದಿನ ಹಳೆಯದಾದರೆ ಹುಳಿ ಹಿಟ್ಟಿಗೆ ಸೀಮೆಎಣ್ಣೆ ಸುರಿದ ಹಾಗೆ ನಾರುತ್ತದೆ. ನನ್ನ ಮುಂದೆ ಹೋಗುತ್ತಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಇಪ್ಪತ್ತೆರಡು ಜನ ಗಂಡಸರು ಕೂತ ಒಂದು ಪುಟ್ಟ ಕೋಣೆಯಲ್ಲಿ ಇದೇ ವಾಸನೆ ಸಂಜೆ ಆರರಿಂದ ಎಂಟೂವರೆಯವರೆಗೆ ತುಂಬಿಕೊಂಡಿರುತ್ತಿತ್ತು. ಅವರ ಅಂಗಿಗಳಿಂದ, ಕೂದಲಿನಿಂದ, ಉಗುರಿನ ಸಂದಿಯಿಂದ ಬರುತ್ತಿದ್ದ ವಾಸನೆ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ನಾನು ಪೀಣ್ಯದ ಅಂಚಿನ ಖಾಸಗಿ ಪಾಲಿಟೆಕ್ನಿಕ್ ಒಂದಕ್ಕೆ ಉಪನ್ಯಾಸಕಿಯಾಗಿ ಸೇರಿದೆ. ಆಗ ನನಗೆ ಇಪ್ಪತ್ತಾರು. ಕೆಲಸ ಖಾಯಂ ಆಗಬೇಕಾದರೆ ಒಂದು ವರ್ಷದ ಪ್ರೊಬೇಷನ್ ಮುಗಿಸಬೇಕಿತ್ತು. ಹೊಸಬಳೆಂದು ನನ್ನ ತಲೆಗೆ ಸಂಜೆ ಡಿಪ್ಲೊಮಾದ ಕೊನೆಯ ವರ್ಷವನ್ನು ಕಟ್ಟಿದರು. ಅದು ಫ್ಯಾಕ್ಟರಿ ಕೆಲಸಗಾರರಿಗೆಂದೇ ಇದ್ದ ತರಗತಿ. ಅರ್ಧ ಜನ ಬೆಳಗಿನ ಪಾಳಿ ಮುಗಿಸಿ ಒಂದು ಗಳಿಗೆ ಮಲಗಿ ಬಂದವರು, ಇನ್ನರ್ಧ ಯಂತ್ರದ ಮುಂದಿನಿಂದ ನೇರ ಬಂದವರು. ಬಹುಪಾಲು ಎಲ್ಲರೂ ನನಗಿಂತ ದೊಡ್ಡವರು. ಮಳೆ ಬಂದರೆ ಲಾರಿಗಳು ತುಳಿದ ಕೆಸರನ್ನು ಮೊಣಕಾಲವರೆಗೆ ಹೊತ್ತು ಬರುತ್ತಿದ್ದರು. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕೆಂಬ ನಿಯಮವಿದ್ದದ್ದರಿಂದ ಬಾಗಿಲ ಬಳಿ ಸೇಫ್ಟಿ ಷೂಗಳ ಗುಡ್ಡೆಯೇ ಬೀಳುತ್ತಿತ್ತು.

ನಾನು ಕಲಿಸಬೇಕಿದ್ದದ್ದು ಸಿಎನ್‌ಸಿ ಪ್ರೋಗ್ರಾಮಿಂಗ್. ಕೈಯಿಂದ ಹಿಡಿಕೆ ತಿರುಗಿಸುವ ಬದಲು, ಸಾಲು ಸಾಲಾಗಿ ಬರೆದ ಸೂಚನೆಗಳನ್ನು ಓದಿಕೊಂಡು ತಾನೇ ಕಡೆಯುವ ಲೇತಿಗೆ ಆ ಸೂಚನೆ ಬರೆಯುವ ವಿದ್ಯೆ. ಅಂಥ ಯಂತ್ರಗಳು ಪೀಣ್ಯಕ್ಕೆ ಒಂದೊಂದಾಗಿ ಕಾಲಿಡುತ್ತಿದ್ದ ಕಾಲ. ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ, ಪುಸ್ತಕದ ಚಿತ್ರ ಬಿಟ್ಟು ನಾನೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಈ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ ಅಷ್ಟೆ.

ಮೊದಲ ಎರಡು ವಾರ ಬೋರ್ಡಿನ ಮೇಲೆ ಬರೆದೆ, ಅವರು ನಿದ್ದೆ ಹೊಡೆದರು. ಬೈದರೆ ಎದ್ದು, ನಾನು ತಿರುಗಿದೊಡನೆ ಮತ್ತೆ ತೂಕಡಿಸುತ್ತಿದ್ದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಕೊನೆಗೆ ಹಟಕ್ಕೆ ಬಿದ್ದು, ಭಾನುವಾರಗಳನ್ನೆಲ್ಲ ಲ್ಯಾಬಿನಲ್ಲಿ ಕಳೆದು, ಒಂದು ಪ್ರೋಗ್ರಾಂ ಬರೆದೆ. ಸೂಚನೆಗಳನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಪರದೆಯ ಮೇಲೆ ಕಬ್ಬಿಣದ ಸರಳು, ಅದನ್ನು ಹಿಡಿದ ಚಕ್ಕು, ಕಡೆಯುವ ಉಳಿಯ ತುದಿ ಎಲ್ಲ ಮೂಡಿ, ತುದಿ ಗೆರೆ ಎಳೆಯುತ್ತಾ ಸಾಗುತ್ತಿತ್ತು. ದಾರಿ ತಪ್ಪಿ ಚಕ್ಕಿಗೆ ತಗುಲಿದರೆ ಕಂಪ್ಯೂಟರು ಬೀಪ್ ಎನ್ನುತ್ತಿತ್ತು. ವಿಭಾಗದ ಮುಖ್ಯಸ್ಥರು ಬಂದು ನೋಡಿ ಬೆನ್ನು ತಟ್ಟಿದರು. ಎಲ್ಲರ ಬಾಯಲ್ಲೂ ಅವರು ಬರೀ ಎಚ್‌ಓಡಿ. "ಇನ್ಸ್‌ಪೆಕ್ಷನ್ ಕಮಿಟಿ ಬಂದಾಗ ಇದನ್ನೇ ತೋರಿಸೋಣ ಶೈಲಜಾ, ಸಕ್ಕತ್ತಾಗಿದೆ" ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇದ್ದದ್ದು ಆರು ಕಂಪ್ಯೂಟರು. ಒಂದರ ಮುಂದೆ ಮೂರು ನಾಲ್ಕು ಜನ ಕೂತರೆ ಕೀಲಿಮಣೆ ಸಿಕ್ಕವನು ಮಾತ್ರ ಎಚ್ಚರವಾಗಿರುತ್ತಿದ್ದ. ಅದಕ್ಕೊಂದು ಉಪಾಯ ಹೂಡಿದೆ. ಒಬ್ಬ ಟೈಪ್ ಮಾಡಲಿ. ಎಂಟರ್ ಒತ್ತುವ ಮುಂಚೆ ಉಳಿದವರೆಲ್ಲ ಉಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕಾಗದದ ಮೇಲೆ ಬರೆಯಬೇಕು. ಆಮೇಲೆ ಒತ್ತುವುದು. ಪರದೆಗೂ ಕಾಗದಕ್ಕೂ ತಾಳೆಯಾಗದವರು ಬೋರ್ಡಿಗೆ ಬಂದು ತಾವು ಯಾಕೆ ಹಾಗೆ ಎಣಿಸಿದೆವು ಎಂದು ಹೇಳಬೇಕು. ನಿದ್ದೆ ಹಾರಿಹೋಯಿತು. "ನೀನ್ ಬರ್ದಿರೋದು ತಪ್ಪು ಕಣೋ", "ನಿಂದೇ ತಪ್ಪು, ಮುಚ್ಕೊಂಡು ನೋಡು ಗುರು" ಎಂದು ಜಗಳ ಶುರುವಾಯಿತು. ಕರೆಂಟು ಹೋದರೂ ಯಾರೂ ಏಳುತ್ತಿರಲಿಲ್ಲ, ಕಾಗದ ಹಿಡಿದು ಕತ್ತಲಲ್ಲೇ ವಾದ. ಹೀಗೆ ಕಲಿಸುವುದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಯಾವುದೋ ಕಾರ್ಯಾಗಾರದಲ್ಲಿ. ಆಗ ನನಗೆ ಬೇಕಿದ್ದದ್ದು ಅವರು ಎಚ್ಚರವಾಗಿರುವುದು ಮಾತ್ರ.

ಆ ಗಲಾಟೆಯಲ್ಲಿ ಕಡಿಮೆ ಮಾತಿನವರೆಂದರೆ ಬಸವರಾಜಪ್ಪ. ಗದಗದ ಕಡೆಯವರು, ನಲವತ್ತು ದಾಟಿದ್ದರು, ದಾಸರಹಳ್ಳಿಯಲ್ಲಿ ಬಾಡಿಗೆ ಕೋಣೆ. ಹಣೆಯ ಮೇಲಿನ ವಿಭೂತಿ ಸಂಜೆಯ ಹೊತ್ತಿಗೆ ಬೆವರಿಗೆ ಅರ್ಧ ಅಳಿಸಿರುತ್ತಿತ್ತು. ಒಂದೇ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷ ಕೈಯಿಂದ ಓಡಿಸುವ ಒಂದೇ ಕ್ಯಾಪ್‌ಸ್ಟನ್ ಲೇತಿನ ಮುಂದೆ ನಿಂತವರು. ಈ ವಯಸ್ಸಿನಲ್ಲಿ ಯಾಕೆ ಓದಿಗೆ ಬಂದಿರಿ ಎಂದು ಒಮ್ಮೆ ಕೇಳಿದ್ದೆ.

"ನಮ್ಮ ಹಳೇ ಲೇತ್ ತಗೀತಾರಂತ್ರೀ ಮೇಡಂ. ಕಂಪ್ಯೂಟರಿನವು ಎರಡು ಬರಾಕತ್ತಾವ. ಈ ಪರೀಕ್ಷಾಕ್ಕ ಕೂಡೋರನ್ನ ಅದರ ಮ್ಯಾಲ ಹಾಕ್ತಾರ. ಉಳದೋರು ಪ್ಯಾಕಿಂಗ್‌ಗೆ."

"ಪ್ಯಾಕಿಂಗ್ ಆದ್ರೆ ಸಂಬಳ ಕಡಿಮೆ ಮಾಡ್ತಾರಾ?"

"ಸಂಬಳ ಅಷ್ಟೇ ಇರ್ತದ್ರಿ. ಆದ್ರ ಕಡಿಯೋ ಕೈ ಡಬ್ಬಿ ಕಟ್ಟಬೇಕಲ್ರೀ."

ಅವರ ಜೊತೆ ಅದೇ ಫ್ಯಾಕ್ಟರಿಯ ಮುನಿರಾಜು ಬರುತ್ತಿದ್ದ. ಚಿಕ್ಕಬಾಣಾವರದವನು, ಇಪ್ಪತ್ತೆಂಟರ ಪ್ರಾಯ, ಎಲ್ಲದಕ್ಕೂ ಮುಂದೆ. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಬಂದು ಒಂದೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು.

ಗಣೇಶನ ಹಬ್ಬ ಕಳೆದ ವಾರ ಅದು ನಡೆಯಿತು. ಅವತ್ತು ನಾನು ಪ್ರೋಗ್ರಾಮನ್ನು ಚಿಕ್ಕದು ಮಾಡುವುದನ್ನು ಕಲಿಸುತ್ತಿದ್ದೆ. ಸಿಎನ್‌ಸಿ ಲೇತಿನಲ್ಲಿ ಹಲವು ಉಳಿಗಳನ್ನು ಸುತ್ತಲೂ ಸಿಕ್ಕಿಸಿಟ್ಟ ಒಂದು ದಪ್ಪ ತಿರುಗುಗುಂಡು ಇರುತ್ತದೆ. ಅದನ್ನು ಟರೆಟ್ ಎನ್ನುತ್ತಾರೆ. ಒಂದು ಉಳಿಯ ಕೆಲಸ ಮುಗಿದ ಮೇಲೆ ಟರೆಟ್ ತಿರುಗಿ ಇನ್ನೊಂದು ಮುಂದೆ ಬರುತ್ತದೆ. ತಿರುಗುವ ಮೊದಲು ಅದನ್ನು ದೂರಕ್ಕೆ ಸರಿಸುವ ಒಂದು ಸಾಲು ಪುಸ್ತಕದ ಎಲ್ಲ ಉದಾಹರಣೆಗಳಲ್ಲೂ ಇತ್ತು. ನನ್ನ ಪರದೆಯ ಮೇಲೆ ಆ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. "ಈ ಸಾಲು ದಂಡ, ತೆಗೆದುಹಾಕಿ, ಸಮಯ ಉಳಿಯುತ್ತೆ" ಎಂದೆ. ಮುನಿರಾಜು ತೆಗೆದ. ಎಲ್ಲರೂ ಕಾಗದದ ಮೇಲೆ ಗೆರೆ ಎಳೆದರು. ಬಸವರಾಜಪ್ಪನವರ ಕಾಗದ ಖಾಲಿಯಿತ್ತು.

"ಯಾಕೆ ಬರೀಲಿಲ್ಲ?"

"ಇದು ಆಗೂದಿಲ್ರೀ ಮೇಡಂ."

"ಆಗುತ್ತೋ ಇಲ್ವೋ ಸ್ಕ್ರೀನೇ ಹೇಳುತ್ತೆ. ಒತ್ತಪ್ಪಾ ಮುನಿರಾಜು."

ಮುನಿರಾಜು ಒತ್ತಿದ. ಉಳಿ ಕಡೆಯುತ್ತಾ ಹೋಗಿ ಚಕ್ಕಿನ ಹತ್ತಿರ ನಿಂತಿತು. ಪರದೆಯ ಮೂಲೆಯಲ್ಲಿ ಉಳಿಯ ಸಂಖ್ಯೆ ಒಂದು ಇದ್ದದ್ದು ಮೂರು ಆಗಬೇಕು, ಅಷ್ಟರಲ್ಲಿ ಬಸವರಾಜಪ್ಪ ಕೈ ಚಾಚಿ ಕಂಪ್ಯೂಟರಿನ ಸ್ವಿಚ್ಚನ್ನು ರಪ್ಪನೆ ಹೊಡೆದು ಆರಿಸಿಬಿಟ್ಟರು. ಪರದೆ ಕಪ್ಪಾಯಿತು. ಕೋಣೆಗೆ ಕೋಣೆಯೇ ನಕ್ಕಿತು. ಮತ್ತೆ ಹಚ್ಚಿದರೆ ಕಂಪ್ಯೂಟರು ಏಳಲಿಲ್ಲ. ಇಡೀ ತರಗತಿಯ ಎರಡು ತಿಂಗಳ ಫೈಲುಗಳು ಇದ್ದದ್ದು ಅದರಲ್ಲೇ. ಹಾರ್ಡ್ ಡಿಸ್ಕ್ ಕೆಟ್ಟಿತ್ತು.

ನಾನು ಬೈದೆ. ಎಲ್ಲರ ಮುಂದೆ, ನನ್ನ ಅಪ್ಪನಿಗಿಂತ ಹತ್ತು ಹದಿನೈದು ವರ್ಷವಷ್ಟೇ ಚಿಕ್ಕವರಾಗಿದ್ದ ಮನುಷ್ಯನನ್ನು, ಬಾಯಿಗೆ ಬಂದ ಹಾಗೆ. "ಇದೇನು ನಿಮ್ಮ ಲೇತ್ ಅಂದ್ಕೊಂಡ್ರಾ? ಇಲ್ಲಿ ಬಡಿದು ಒಡೆಯೋದಕ್ಕೆ ಏನೂ ಇಲ್ಲ ಅನ್ನೋಷ್ಟು ಗೊತ್ತಾಗಲ್ವಾ?" ಎಂದೆ. ಅವರು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡರು. ಮರುದಿನ ಎಚ್‌ಓಡಿ ಕರೆದು "ಇದು ಪಾಲಿಟೆಕ್ನಿಕ್ಕೋ ಗ್ಯಾರೇಜೋ? ಒಂದು ರಿಪೋರ್ಟ್ ಬರ್ದುಕೊಡಮ್ಮ" ಎಂದರು. ವಿದ್ಯಾರ್ಥಿಯ ಬೇಜವಾಬ್ದಾರಿಯಿಂದ ಉಪಕರಣ ಹಾಳಾಯಿತು ಎಂದು ಅರ್ಧ ಪುಟ ಬರೆದು ಸಹಿ ಹಾಕಿದೆ. ದೂರು ಇತ್ಯರ್ಥವಾಗುವವರೆಗೆ ಬಸವರಾಜಪ್ಪ ಲ್ಯಾಬಿನೊಳಗೆ ಬರಕೂಡದು ಎಂದು ನೋಟಿಸು ಹೊರಬಿತ್ತು. ಲ್ಯಾಬಿನ ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವಂತಿರಲಿಲ್ಲ. ಅದು ನನಗೆ ಗೊತ್ತಿತ್ತು. ಸಿಟ್ಟಿನಲ್ಲಿ, ಆಗಲಿ ಬಿಡು ಎಂದುಕೊಂಡೆ.

ಅವರು ಬರುವುದು ನಿಲ್ಲಿಸಲಿಲ್ಲ. ಲ್ಯಾಬಿನ ಹೊರಗೆ, ಷೂಗಳ ಗುಡ್ಡೆಯ ಪಕ್ಕದ ಕಿಟಕಿಯ ಕೆಳಗೆ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಒಳಗೆ ನಾನು ಲೆಕ್ಕ ಕೊಟ್ಟರೆ ಹೊರಗೆ ಅವರು ಬರೆದು, ಕಿಟಕಿಯಿಂದ ಕಾಗದ ಕೊಡುತ್ತಿದ್ದರು. "ಮೇಡಂ, ಬಸಣ್ಣ ಇಂಗೆ ಬರ್ದವ್ರೆ ನೋಡಿ" ಎಂದು ಮುನಿರಾಜು ನನ್ನ ಮೇಜಿನ ಮೇಲಿಡುತ್ತಿದ್ದ. ಹೆಚ್ಚಾಗಿ ಸರಿ ಇರುತ್ತಿತ್ತು. ನಾನು ಟಿಕ್ ಹಾಕಿ ಮಾತಿಲ್ಲದೆ ವಾಪಸು ಕಳಿಸುತ್ತಿದ್ದೆ.

ಆಯುಧಪೂಜೆಗೆ ಮುಂಚೆ ಅವರ ಫ್ಯಾಕ್ಟರಿಗೆ ಹೊಸ ಯಂತ್ರಗಳು ಬಂದವು. ಹಬ್ಬದ ದಿನ ಪೂಜೆಗೆ ಬನ್ನಿ ಎಂದು ಮುನಿರಾಜು ಕರೆದ. "ಓಗಿ ನೋಡ್ಕಂಡು ಬರಾಣ ಬನ್ನಿ ಮೇಡಂ, ನೀವು ಕಲ್ಸಿದ್ದೇ ಅಲ್ವಾ ಅದು" ಎಂದ. ಹೋದೆ. ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಪುರಿ ಹಂಚಿದ ಮೇಲೆ ಯಂತ್ರ ಕಂಪನಿಯ ಎಂಜಿನಿಯರು ಅದನ್ನು ಓಡಿಸಿ ತೋರಿಸಿದರು. ನಾನು ವರ್ಷಗಟ್ಟಲೆ ಓಡಿಸಿದವಳ ಹಾಗೆ ಕೈ ಕಟ್ಟಿಕೊಂಡು ನೋಡುತ್ತಿದ್ದೆ. ಉಳಿ ಬದಲಾಯಿಸುವ ಮುಂಚೆ ಟರೆಟ್ಟು ಒಂದು ಮೊಳ ಹಿಂದೆ ಸರಿಯಿತು. ಅಷ್ಟು ದೂರ ಯಾಕೆ, ಸಮಯ ದಂಡವಲ್ಲವೇ ಎಂದು ದೊಡ್ಡ ತಿಳಿವಳಿಕಸ್ಥೆಯಂತೆ ಕೇಳಿದೆ.

ಎಂಜಿನಿಯರು ನಕ್ಕು, ಬಾಗಿಲು ತೆರೆದು, ಟರೆಟ್ಟಿನಿಂದ ಗೇಣುದ್ದಕ್ಕೂ ಹೆಚ್ಚು ಚಾಚಿಕೊಂಡಿದ್ದ ಡ್ರಿಲ್ಲನ್ನು ತೋರಿಸಿದರು. "ಹತ್ರದಲ್ಲೇ ತಿರುಗಿಸಿದ್ರೆ ಇದು ಹೋಗಿ ಚಕ್‌ಗೆ ಬಡಿಯುತ್ತೆ ಮೇಡಂ. ಡ್ರಿಲ್ಲೂ ಹೋಯ್ತು, ಟರೆಟ್ಟೂ ಹೋಯ್ತು. ಎದುರಿಗೆ ನಿಂತವನ ಕಣ್ಣು ಹೋದ್ರೂ ಹೋಯ್ತು."

ನನ್ನ ಪರದೆಯಲ್ಲಿ ಟರೆಟ್ಟೇ ಇರಲಿಲ್ಲ. ಉಳಿಯ ತುದಿಯೊಂದನ್ನು ಬರೆದು, ಉಳಿದ ಯಂತ್ರವನ್ನು ಪೂರ್ತಿ ಬಿಟ್ಟಿದ್ದೆ. ಪುಸ್ತಕ ಬೇಡಿಕೊಂಡು ಹೇಳಿದ ಸಾಲನ್ನು ದಂಡ ಎಂದು ಇಪ್ಪತ್ತೆರಡು ಜನರ ಕೈಯಲ್ಲಿ ತೆಗೆಸಿದ್ದೆ. ಆ ಇಪ್ಪತ್ತೆರಡು ಜನರಲ್ಲಿ ಒಬ್ಬರ ಕೈ ಮಾತ್ರ ತಡೆಯಲಾರದೆ ಸ್ವಿಚ್ಚಿಗೆ ಹೋಗಿತ್ತು.

ಬಸವರಾಜಪ್ಪ ಆಚೆ ತಮ್ಮ ಹಳೆಯ ಲೇತಿಗೆ ಕುಂಕುಮ ಹಚ್ಚುತ್ತಿದ್ದರು. ಹತ್ತಿರ ಹೋಗಿ ಎಂಜಿನಿಯರು ಹೇಳಿದ್ದನ್ನು ಹೇಳಿದೆ. ಅವರು ಆ ಲೇತಿನ ಆರು ಮೂಲೆಯ ಗುಂಡನ್ನು ಹಿಂದಕ್ಕೆಳೆದು ತೋರಿಸಿದರು. ಪೂರ್ತಿ ಹಿಂದೆ ಬಂದ ಮೇಲಷ್ಟೇ ಅದು ಗಟಕ್ ಎಂದು ತಿರುಗಿ ಮುಂದಿನ ಉಳಿಯನ್ನು ಎದುರಿಗೆ ತಂದಿತು.

"ಹಿಂದಕ್ಕ ಸರೀಲಾರದ ತಿರುಗೂದಿಲ್ರೀ ಇದು. ಹದಿನೆಂಟು ವರ್ಸ ಇದನ್ನ ಮಾಡೇನಿ. ಅವತ್ತು ಕೈ ತಾನ ಹೋತು."

"ಅವತ್ತೇ ಯಾಕೆ ಹೇಳಲಿಲ್ಲ ಬಸವರಾಜಪ್ಪ?"

"ನೀವು ಬೈಯಾಕತ್ತಿದ್ರಿ. ನಡುವ ಬಾಯಿ ಹ್ಯಾಂಗ ಹಾಕೂದ್ರಿ? ಆಮ್ಯಾಲ ನೀವೂ ಕೇಳ್ಲಿಲ್ಲ."

ಎಂಟರ್ ಒತ್ತುವ ಮುಂಚೆ ಯಾಕೆ, ಹೇಗೆ ಎಂದು ಪ್ರತಿಯೊಬ್ಬನನ್ನೂ ಬೋರ್ಡಿಗೆಳೆದು ಕೇಳುತ್ತಿದ್ದವಳು ನಾನು. ಅವರನ್ನು ಮಾತ್ರ ಕೇಳಿರಲಿಲ್ಲ. ಆ ಹೊತ್ತಿನ ನಾಚಿಕೆಯನ್ನು ಇವತ್ತಿಗೂ ಮರೆತಿಲ್ಲ.

ನಾಚಿಕೆಯಾದ ಕೂಡಲೇ ಮನುಷ್ಯರು ಒಳ್ಳೆಯವರಾಗಿಬಿಡುವುದಿಲ್ಲ. ದೂರನ್ನು ವಾಪಸು ತೆಗೆದುಕೊಳ್ಳಬೇಕೆಂದರೆ ಪ್ರೋಗ್ರಾಮೇ ತಪ್ಪು ಎಂದು ಬರೆದುಕೊಡಬೇಕಿತ್ತು. ಇನ್ಸ್‌ಪೆಕ್ಷನ್ ಕಮಿಟಿ ಬರುವ ದಿನ ಹತ್ತಿರವಾಗಿತ್ತು. ಎಚ್‌ಓಡಿ ಅದಾಗಲೇ ಪ್ರಿನ್ಸಿಪಾಲರಿಗೆ ಆ ಪ್ರೋಗ್ರಾಮನ್ನು ತೋರಿಸಿ, ಇದು ನಮ್ಮ ಲ್ಯಾಬಿನದೇ ಸರಕು ಎಂದು ಎದೆಯುಬ್ಬಿಸಿಕೊಂಡಿದ್ದರು. ನನ್ನ ಪ್ರೊಬೇಷನ್ ಅವರ ಒಂದು ಸಹಿಯ ಮೇಲೆ ನಿಂತಿತ್ತು. ನಾಳೆ ಬರೆದರಾಯಿತು ಎಂದುಕೊಂಡೆ. ನಾಳೆ ವಿಜಯದಶಮಿಯ ರಜೆ. ರಜೆ ಕಳೆದ ಮೇಲೆ ತಿದ್ದಲು ಆಂತರಿಕ ಪರೀಕ್ಷೆಯ ಪತ್ರಿಕೆಗಳಿದ್ದವು. ಅದರ ನಾಳೆ ಎಚ್‌ಓಡಿ ರಜೆ. ಅದರ ಮುಂದಿನ ದಿನ ಅವರ ಮುಖ ಗಂಟಾಗಿತ್ತು. ಕಮಿಟಿ ಬಂದು ಹೋಗಲಿ, ಆಮೇಲೆ ಕೊಟ್ಟರೂ ಪರೀಕ್ಷೆಗೆ ಸಮಯವಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಜೆ ಮಾತ್ರ ಕಿಟಕಿಯಿಂದ ಕಾಗದ ಬರುತ್ತಲೇ ಇತ್ತು, ನಾನು ಟಿಕ್ ಹಾಕುತ್ತಲೇ ಇದ್ದೆ. ಬಸವರಾಜಪ್ಪ ಒಂದು ದಿನವೂ ಏನಾಯಿತು ಮೇಡಂ ಎಂದು ಕೇಳಲಿಲ್ಲ.

ಆಯುಧಪೂಜೆಯಾದ ಹನ್ನೊಂದನೇ ದಿನ ಜೋರು ಮಳೆ. ಕಿಟಕಿಯ ಕೆಳಗೆ ಇರಚಲು ಹೊಡೆದು ಅವರು ಕೊಟ್ಟ ಕಾಗದದ ಶಾಯಿ ಹರಡಿಹೋಗಿತ್ತು. ಉತ್ತರ ಓದಲಾಗಲಿಲ್ಲ. ಬಾಗಿಲಿಗೆ ಹೋಗಿ ನೋಡಿದರೆ, ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಅದೇ ಉತ್ತರವನ್ನು ಮತ್ತೊಂದು ಹಾಳೆಯಲ್ಲಿ ಬರೆಯುತ್ತಿದ್ದರು. ಆ ಸಂಜೆ ತರಗತಿಯನ್ನು ಅರ್ಧಕ್ಕೆ ಬಿಟ್ಟು ಸ್ಟಾಫ್ ರೂಮಿಗೆ ಹೋಗಿ ಬರೆದೆ. ನನ್ನ ಪ್ರೋಗ್ರಾಮು ಯಂತ್ರದ ಅಪಾಯವನ್ನು ತೋರಿಸುವುದಿಲ್ಲ; ನಾನು ಕಲಿಸಿದ್ದು ತಪ್ಪು; ಈ ವಿದ್ಯಾರ್ಥಿ ಮಾಡಿದ್ದು ಯಂತ್ರದ ಕೆಲಸ ಬಲ್ಲವರು ಮಾಡಬೇಕಾದದ್ದೇ; ದೂರನ್ನು ಹಿಂದೆಗೆದುಕೊಳ್ಳುತ್ತೇನೆ. ಮರುದಿನಕ್ಕೆ ಇಟ್ಟರೆ ಮತ್ತೆ ಮನಸ್ಸು ಬದಲಾದೀತೆಂದು, ಹೊರಡುತ್ತಿದ್ದ ಎಚ್‌ಓಡಿಯ ಸ್ಕೂಟರಿನ ಬಳಿಯೇ ನಿಂತು ಕೊಟ್ಟೆ.

"ನಿಂಗೆ ತಲೆ ಸರಿ ಇದೆಯೇನಮ್ಮ? ಕಮಿಟಿ ಬರೋ ಹೊತ್ತಲ್ಲಿ ಇದನ್ನ ಬರ್ದುಕೊಡ್ತಾರಾ ಯಾರಾದ್ರೂ?"

"ತಪ್ಪು ತಪ್ಪೇ ಅಲ್ವಾ ಸಾರ್."

"ಸರಿ, ಅನುಭವಿಸು" ಎಂದು ಮಳೆಯಲ್ಲೇ ಹೊರಟುಹೋದರು. ಕಮಿಟಿಗೆ ಬೇರೇನೋ ತೋರಿಸಿದರು. ನನ್ನ ಪ್ರೊಬೇಷನ್ ಇನ್ನೊಂದು ವರ್ಷಕ್ಕೆ ಮುಂದಕ್ಕೆ ಹೋಯಿತು. ಬಸವರಾಜಪ್ಪನವರ ಮೇಲಿನ ನೋಟಿಸು ರದ್ದಾಯಿತು. ಕಿಟಕಿಯ ಹೊರಗೆ ಕೂತ ದಿನಗಳಿಗೂ ಹಾಜರಿ ಹಾಕಿದೆ, ಕಾಗದಗಳೇ ಸಾಕ್ಷಿ ಎಂದೆ.

ಉಳಿದ ಒಂದು ತಿಂಗಳು ಎಲ್ಲರೂ ಸೇರಿ ಆ ಪ್ರೋಗ್ರಾಮನ್ನು ತಿದ್ದಿದೆವು. ಬಸವರಾಜಪ್ಪ ಟೇಪು ಹಿಡಿದು ಫ್ಯಾಕ್ಟರಿಯಿಂದ ಟರೆಟ್ಟಿನ, ಪ್ರತಿ ಉಳಿಯ ಅಳತೆ ತಂದರು. ನಾನು ಪರದೆಯ ಮೇಲೆ ಟರೆಟ್ ತಿರುಗುವ ಹಾಗೆ ಮಾಡಿದೆ. ನನಗೆ ತಿಳಿಯದ್ದನ್ನು ಅವರು ಬೋರ್ಡಿಗೆ ಬಂದು ಹೇಳುತ್ತಿದ್ದರು, ನಾನು ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಯಂತ್ರವನ್ನು ಅದುವರೆಗೆ ಕಂಡಿರಲಿಲ್ಲ ಎಂದು ಒಂದು ಸಂಜೆ ಎಲ್ಲರೆದುರು ಒಪ್ಪಿಕೊಂಡೂಬಿಟ್ಟೆ. "ಅದು ನಮ್ಗೆ ಅವತ್ತೇ ಗೊತ್ತಾಯ್ತು ಬಿಡಿ ಮೇಡಂ" ಎಂದ ಮುನಿರಾಜು. ನಾನು ಕಲಿಸಿದ ಇಷ್ಟು ವರ್ಷಗಳಲ್ಲಿ ಅಷ್ಟು ಚೆನ್ನಾದ ತರಗತಿ ಇನ್ನೊಂದು ಆಗಲಿಲ್ಲ.

ಡಿಸೆಂಬರಿನ ಚಳಿಯಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಯಿತು. ಬಸವರಾಜಪ್ಪ ಎಲ್ಲರಿಗಿಂತ ಮೊದಲು ಮುಗಿಸಿ ಎದ್ದರು. ಹೊರಗಿನಿಂದ ಬಂದ ಪರೀಕ್ಷಕರು ಎರಡು ಪ್ರಶ್ನೆ ಕೇಳಿ, ಮೂರನೆಯದನ್ನು ಕೇಳದೆ ಅಂಕ ಹಾಕಿದರು. ನನಗೆ ಹಿಡಿಸಲಾರದಷ್ಟು ಸಂತೋಷ. ವರಾಂಡದಲ್ಲಿ ಸಿಕ್ಕ ಮುನಿರಾಜುವಿಗೆ, "ಇನ್ನೇನು, ಇಬ್ಬರೂ ಹೊಸ ಮಿಷಿನ್ ಮೇಲೆ" ಎಂದೆ. ಅವನು ಮುಖ ತಿರುಗಿಸಿದ.

"ಬಸಣ್ಣ ಏಳಿಲ್ವಾ ಮೇಡಂ? ಟ್ರೈನಿಂಗ್ ಲಿಸ್ಟ್ ಆಗ್ಲೇ ಮುಗ್ದೋಯ್ತು. ಪರೀಕ್ಷೆಗೆ ಕೂರ್ತಾರೆ ಅಂತ ಕಾಲೇಜಿಂದ ಲೆಟರ್ ಕೇಳಿದ್ರು. ಆಯುಧಪೂಜೆ ಆಗಿ ಒಂಬತ್ತನೇ ದಿನಕ್ಕೆ ಕೊಡ್ಬೇಕಿತ್ತು. ನೋಟಿಸ್ ಇತ್ತಲ್ಲ, ಅಣ್ಣಂಗೆ ಲೆಟರ್ ಕೊಡ್ಲಿಲ್ಲ. ಅಣ್ಣಂದು ಬಿಟ್ಟೋಯ್ತು ಅಂತ್ಲೇ ಆ ಜಾಗಕ್ಕೆ ನನ್ನೆಸ್ರು ಬಂದಿದ್ದು."

ನಾನು ಬರೆದುಕೊಟ್ಟದ್ದು ಹನ್ನೊಂದನೇ ದಿನ. ಬಸವರಾಜಪ್ಪ ಗೇಟಿನ ಬಳಿ ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ಓಡಿಹೋದೆ.

"ಒಂದು ಮಾತು ನಂಗೆ ಹೇಳಬಾರದಿತ್ತಾ ಬಸವರಾಜಪ್ಪ? ಅವತ್ತೇ ಬರ್ದುಕೊಡ್ತಿದ್ದೆ."

"ಕೊಡ್ತಿದ್ರಿ ಮೇಡಂ. ಅದಕ್ಕ ಹೇಳ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಬೀಗವನ್ನು ಜೇಬಿಗಿಟ್ಟುಕೊಂಡು ನಿಧಾನವಾಗಿ ಹೇಳಿದರು. "ನಾ ಬಂದು ಕೈ ಮುಗದಿದ್ರ, ಪಾಪ ಬಡವ ಅಂತ ಬರೀತಿದ್ರಿ. ಹಂಗ ಬರದದ್ದು ನನಗ ಬ್ಯಾಡಾಗಿತ್ರೀ. ಮಷೀನಿನ ಮಾತಿನ್ಯಾಗ ನಾ ಸರಿ ಇದ್ದೆ ಅಂತ ನೀವು ಬರೀಬೇಕಿತ್ತು. ಬರದ್ರಿ. ಸಾಕು."

ಇನ್ನೊಂದು ಜೊತೆ ಯಂತ್ರ ಆ ಫ್ಯಾಕ್ಟರಿಗೆ ಬರಲು ಎಂಟು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಬಸವರಾಜಪ್ಪ ಪ್ಯಾಕಿಂಗ್ ವಿಭಾಗದಲ್ಲಿ ನಿಂತು, ಮುನಿರಾಜು ಕಡೆದುಕೊಟ್ಟದ್ದಕ್ಕೆ ಎಣ್ಣೆ ಸವರಿ ಕಾಗದ ಸುತ್ತಿದರು.